ಎದೆಯ ಮೇಲಿನ ಹೆಸರು

“ಹಲೋ… ಯಾರು ಮಾತಾಡ್ತಿರೋದು?”

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನದ ಬೆಳಿಗ್ಗೆ ಅದು. ಹನ್ನೊಂದು ದಿನ ದೊಡ್ಡ ಪಾತ್ರೆಗಳಲ್ಲೇ ಕಾಫಿ ಕಾಯಿಸಿದ ಸುಚಿತ್ರಾ ಅಂದು ಚಿಕ್ಕ ಪಾತ್ರೆಯಲ್ಲಿ ಎರಡು ಲೋಟದಷ್ಟು ಹಾಲಿಟ್ಟಿದ್ದಳು. ಕಿಟಕಿಯ ಬಳಿ ಚಾರ್ಜಿಗೆ ಹಾಕಿದ್ದ ಗಂಡನ ಫೋನು ಬಡಿದುಕೊಂಡಿತು. ಯೋಗಾನಂದ ತೀರಿಕೊಂಡ ಮೇಲೂ ಅವಳು ಅದನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಪರದೆಯ ಮೇಲೆ ‘ಚೈತ್ರಾ’ ಎಂಬ ಹೆಸರು ಮೂಡಿತ್ತು. ಅದು ಅವಳಿಗೆ ಹೊಸ ಹೆಸರಲ್ಲ. ಹತ್ತು ತಿಂಗಳಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದ ಹೆಸರು. ಹೆಂಗಸಿನ ದನಿ ಕೇಳಲು ಎದೆ ಗಟ್ಟಿಮಾಡಿಕೊಂಡು ಎತ್ತಿದರೆ ಆ ಕಡೆ ಗಂಡಸು ಮಾತಾಡಿದ.

“ಹಾಂ?… ಆಫೀಸಿಂದನಾ? ಯಾವ ಆಫೀಸು?…”

“ಜೈಲಿನ ಆಫೀಸಾ? ಸರಿ… ಹೌದು, ಯೋಗಾನಂದ ಅವರ ಮನೆಯವಳೇ ಮಾತಾಡ್ತಿರೋದು… ತಮ್ಮ ಹೆಸರು?…”

“ಇಲ್ಲ, ಹೆಸರು ಕೇಳಿದೆ. ಸ್ಟೋರ್ ಸೆಕ್ಷನ್ ಅನ್ನೋದು ಹೆಸರಲ್ವಲ್ಲ…”

ಸುಚಿತ್ರಾ ಎಂ.ಎ. ಮುಗಿಸಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಉತ್ತರ ಗೊತ್ತಿಲ್ಲದವರು ಸುಮ್ಮನಾಗುವುದಕ್ಕೂ ಗೊತ್ತಿದ್ದು ಹೇಳದವರು ಸುಮ್ಮನಾಗುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಡೆಯವನು ಸುಮ್ಮನಾದದ್ದು ಎರಡನೆಯ ಬಗೆ. ಒಲೆ ಆರಿಸಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಹೇಳಿ, ಏನಾಗಬೇಕಿತ್ತು?…”

“ವಾಪಸ್ ಕೊಡಬೇಕಾದ ಸಾಮಾನಾ? ಹೇಳ್ತಾ ಹೋಗಿ… ಟೋಪಿ… ಬೆಲ್ಟು… ವಿಸಿಲ್ಲು… ಲಾಠಿ ಮನೆಗೆ ತರ್ತಾನೇ ಇರ್ಲಿಲ್ಲ… ಬೂಟಾ? ಬೂಟನ್ನ ಅವರ ಜತೇಲೇ ಕಳಿಸಿದ್ವಿ. ಬೇಕೇ ಬೇಕು ಅಂದ್ರೆ ಬೈರಾಪಟ್ಟಣದ ನಮ್ಮ ಹೊಲಕ್ಕೆ ಹಾರೆ ತಗೊಂಡು ಬರಬೇಕಾಗುತ್ತೆ… ಇಲ್ಲ, ಕೋಪ ಏನಿಲ್ಲ. ನೀವು ಕೇಳಿದ್ರಿ, ನಾನು ಹೇಳಿದೆ.”

“ಆಮೇಲೆ?… ಹೆಸರಿನ ಪಟ್ಟಿ. ಅಂಗಿ ಮೇಲೆ ಸಿಗಿಸ್ಕೊಳ್ಳೋದು, ಅದೇ ತಾನೆ?… ಅದೊಂದು ಇವತ್ತೇ ಬೇಕಾ? ಮಿಕ್ಕಿದ್ದೆಲ್ಲ ನಿಧಾನಕ್ಕೆ ಕೊಟ್ರೂ ಆಗುತ್ತೆ, ಅದೊಂದು ಮಾತ್ರ ಇವತ್ತೇ. ಯಾಕೆ ಹಂಗೆ?…”

“ಯಾರವ್ವಾ ಅದು?” ಹಿತ್ತಲ ಬಾಗಿಲಿನಿಂದ ಯಲ್ಲಮ್ಮ ಕೇಳಿದಳು.

“ಜೈಲಿನವರು ಅತ್ತೆ.”

“ಇನ್ನೇನ್ ಬೇಕಂತೆ ಅವ್ರಿಗೆ?”

ಯಲ್ಲಮ್ಮ ಹೊಸ್ತಿಲ ಆಚೆಗೇ ಕೂತಿದ್ದಳು. ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ. ಮೂರು ದಿನದಿಂದ ಅವಳ ಊಟ, ನಿದ್ದೆ ಎಲ್ಲ ಅಲ್ಲೇ. ತಿಥಿಯ ಹಿಂದಿನ ದಿನ ಇಲಾಖೆಯ ಕಾಗದ ಬಂದಿತ್ತು. ತನಗೆ ಟಿಬಿ ಅಂಟಿದ್ದು ಜೈಲಿನಲ್ಲಿ, ಇದನ್ನು ಕರ್ತವ್ಯದ ಕಾಯಿಲೆ ಎಂದು ಬರೆದುಕೊಳ್ಳಿ ಎಂದು ಯೋಗಾನಂದ ಆಸ್ಪತ್ರೆಯ ಹಾಸಿಗೆಯಿಂದಲೇ ಅರ್ಜಿ ಹಾಕಿದ್ದ. ಅದಕ್ಕೆ ಬಂದ ಉತ್ತರ ಅದು. ಪಾಳಿ ಪಟ್ಟಿಯ ಪ್ರಕಾರ ಸದರಿ ವಾರ್ಡರ್ ಮುಖ್ಯದ್ವಾರದಲ್ಲಿದ್ದರು, ಕಾಯಿಲೆಯ ಬಂದಿಗಳ ಹತ್ತಿರಕ್ಕೂ ಹೋಗಿರಲಿಲ್ಲ. ಮನೆಯಲ್ಲಿರುವ ತಾಯಿಗೆ ಬಹಳ ವರ್ಷಗಳಿಂದ ಕೆಮ್ಮು ಇರುವುದು ಕಂಡುಬಂದಿದೆ. ಆಕ್ಷೇಪಣೆಯಿದ್ದರೆ ಗುರುವಾರ ವಿಚಾರಣೆಗೆ ಬರತಕ್ಕದ್ದು. ನೆಂಟರಲ್ಲೊಬ್ಬರು ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿಬಿಟ್ಟರು. ಯಲ್ಲಮ್ಮ ಇಪ್ಪತ್ತು ವರ್ಷ ರೇಷ್ಮೆ ಬಿಚ್ಚುವ ಬಿಸಿನೀರಿನ ಬಾನಿಗಳ ಮುಂದೆ ಕೂತು ಉಬ್ಬಸ ತಂದುಕೊಂಡವಳು. ನಿಮಗೆ ಟಿಬಿ ಇಲ್ಲವೆಂದು ಕಫ ಪರೀಕ್ಷೆಯ ಚೀಟಿಯೇ ಹೇಳುತ್ತದೆ ಎಂದು ಸುಚಿತ್ರಾ ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು. ನನ್ನ ಮಗನ್ನ ನಾನೇ ತಿಂದ್ಕಂಡೆ.

“ಹಲೋ… ಇದ್ದೀನಿ. ನಮ್ಮ ಅತ್ತೆ ಹತ್ರ ಮಾತಾಡ್ತಿದ್ದೆ… ಆ ಕಾಗದ ಕಳಿಸಿದ್ದು ನಿಮ್ಮ ಆಫೀಸೇ ಅಲ್ವಾ?… ಸ್ಟೋರಿನವರಿಗೆ ಅದು ಗೊತ್ತಾಗಲ್ಲ. ಸರಿ. ಲೈನಲ್ಲೇ ಇರಿ, ಹುಡುಕ್ತೀನಿ.”

ಬೀರುವಿನಲ್ಲಿ ಎರಡು ಖಾಕಿ ಅಂಗಿಗಳು ಇಸ್ತ್ರಿಯ ಗೆರೆ ಮುರಿಯದೆ ತೂಗುತ್ತಿದ್ದವು. ಎರಡರ ಜೇಬಿನ ಮೇಲೂ ಪಟ್ಟಿ ಇರಲಿಲ್ಲ. ಡ್ರಾಯರಿನಲ್ಲಿ ವಿಸಿಲ್ಲು ಸಿಕ್ಕಿತು, ಗುಂಡಿಗಳು ಸಿಕ್ಕವು, ತೊಳೆದು ತೊಳೆದು ಎಳೆ ಬಿಟ್ಟ ಒಂದು ಮಾಸ್ಕು ಸಿಕ್ಕಿತು.

“ಹಲೋ… ಇಲ್ಲ, ಅವರ ಹೆಸರಿನ ಪಟ್ಟಿ ಇಲ್ಲಿಲ್ಲ… ಎಲ್ಲಾ ಕಡೆ ನೋಡಿದೆ… ಏನಂದ್ರಿ?…”

“ಇನ್ನೊಂದ್ಸಲ ಹೇಳಿ… ಪಾಲಿಶ್ ಡಬ್ಬೀಲಾ?…”

“ನಮ್ಮನೆ ಬೂಟ್ ಪಾಲಿಶ್ ಡಬ್ಬೀಲಿ ಏನಿದೆ ಅನ್ನೋದು ನಿಮ್ಮ ಸ್ಟೋರ್ ಪುಸ್ತಕದಲ್ಲಿ ಬರ್ದಿದ್ದಾರಾ?…”

ಆ ಕಡೆಯವನು ತಡವರಿಸಿದ. ತಡವರಿಸುತ್ತ, ಅಷ್ಟು ಹೊತ್ತು ದನಿ ಬದಲಿಸಿ ಮೇಡಂ ಮೇಡಂ ಎನ್ನುತ್ತಿದ್ದವನು, ಅತ್ತಿಗೆ ಎಂದುಬಿಟ್ಟ. ಜೈಲಿನ ಕಡೆಯಿಂದ ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ. ಮಣ್ಣಿನ ದಿನ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಹೊಲದ ಬದುವಿನ ಮೇಲೇ ನಿಂತು, ಹತ್ತಿರ ಬಾರದೆ ಹೊರಟುಹೋದವನು.

ಪಾಲಿಶ್ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದಳು. ಒಳಗೆ ಕರೀ ಪಾಲಿಶ್ ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಪ್ಪು ಪಟ್ಟಿ, ಬಿಳಿ ಅಕ್ಷರ.

“ಸಿಕ್ತು… ಓದಲಾ?… ಬೇಡ ಯಾಕೆ? ಕೆ. ಕೆಂಪರಾಜು, ವಾರ್ಡರ್. ನಿಮ್ಮ ಹೆಸರನ್ನ ನಿಮಗೇ ಓದಿ ಹೇಳಬೇಕಾಯ್ತಲ್ಲ, ಕೆಂಪರಾಜಣ್ಣ.”

“ಇದ್ದೀರಾ?… ಅಳೋದು ಆಮೇಲೆ ಅಳಿ. ಮೊದಲು ಇದೊಂದು ಹೇಳಿ. ಚೈತ್ರಾ ಅಂದ್ರೆ ಯಾರು?…”

“ಈ ಫೋನ್ ಯಾರದು ಅಂತ ಕೇಳ್ತಿದ್ದೀನಿ. ನಿಮ್ಮ ನಂಬರಾದ್ರೆ ನಾನು ಗುರುತು ಹಿಡೀತೀನಿ ಅಂತ ಬೇರೆ ಫೋನ್ ತಗೊಂಡ್ರಿ. ಅದೂ ಇವರ ಫೋನಲ್ಲಿ ಹೆಸರು ಹಾಕಿ ಇಟ್ಕೊಂಡಿರೋದೇ… ನಿಮ್ಮ ಮನೆಯವರಾ?…”

“ನಿಮ್ಮ ಹೆಂಡ್ತಿ… ಅವರು ಇವರಿಗೆ ಯಾಕೆ ಫೋನ್ ಮಾಡ್ತಿದ್ರು? ಡಿಸೆಂಬರಿಂದ ಫೆಬ್ರವರಿ ತನಕ, ವಾರಕ್ಕೊಂದ್ಸಲ, ಒಂದೊಂದೇ ನಿಮಿಷ… ಹೌದು, ನೋಡಿದ್ದೀನಿ. ನಾನೂ ಹೆಂಗಸೇ, ನೋಡ್ದೇ ಇರ್ತೀನಾ…”

“ಏನು ಕೇಳೋಕೆ?… ಅಣ್ಣ, ಚೆನ್ನಾಗಿದ್ದೀರಾ, ಕೆಮ್ಮು ಶುರುವಾಗಿಲ್ಲ ತಾನೆ ಅಂತ ಕೇಳೋಕಾ?…”

ಸುಚಿತ್ರಾ ಮಂಚದ ಅಂಚಿನಲ್ಲಿ ಕೂತಳು. ಆ ಮೂರು ತಿಂಗಳು ಯೋಗಾನಂದ ಜಗಲಿಯಲ್ಲಿ ಮಲಗಿದ್ದ. ಯಾಕೆ ಎಂದರೆ ಒಳಗೆ ಸೆಕೆ ಎಂದಿದ್ದ. ಮೈ ನಡುಗುವ ಡಿಸೆಂಬರಿನಲ್ಲಿ ಸೆಕೆ. ತನ್ನ ತಟ್ಟೆ ಲೋಟ ತಾನೇ ತೊಳೆದು ಬೇರೆ ಇಟ್ಟುಕೊಳ್ಳುತ್ತಿದ್ದ. ಅವಳು ಹತ್ತಿರ ಹೋದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಆಗ ಅವಳ ಕಣ್ಣಿಗೆ ಬಿದ್ದದ್ದೇ ಫೋನಿನಲ್ಲಿದ್ದ ಈ ಹೆಸರು. ಎರಡನ್ನೂ ಕೂಡಿಸಿ ಅವಳು ಒಂದು ಲೆಕ್ಕಕ್ಕೆ ಬಂದಿದ್ದಳು. ಆಸ್ಪತ್ರೆಯಲ್ಲಿ ಅವನ ಬೆನ್ನು ನೀವುವಾಗಲೂ ಆ ಲೆಕ್ಕ ಅವಳ ಕೈಯಲ್ಲೇ ಇತ್ತು.

“ಮೊದಲಿಂದ ಹೇಳಿ. ನಾನು ಕೇಳಿದ್ದಕ್ಕೆ ಉತ್ತರ ಹೇಳಿ, ಸಾಕು. ನೀವಂದ ಆ ಹಿಂದಿನ ಕೋಣೆ ಅಂದ್ರೆ ಯಾವುದು?…”

“ಕೆಮ್ಮೋ ಬಂದಿಗಳನ್ನೆಲ್ಲ ಬೇರೆ ಇಡೋದು… ಎಷ್ಟು ಜನ?… ಏಳು ಜನಕ್ಕೆ ಒಬ್ಬ ವಾರ್ಡರು. ಎಷ್ಟು ಹೊತ್ತು?… ಹನ್ನೆರಡು ಗಂಟೆ. ಬಾಗಿಲ ಹೊರಗೆ ಕೂರಬಹುದಿತ್ತಲ್ಲ?…”

“ಓಹೋ. ಒಬ್ಬ ಕುತ್ತಿಗೆಗೆ ಟವಲ್ ಬಿಗ್ಕೊಂಡ ಮೇಲೆ, ಒಳಗೇ ಕೂರಬೇಕು ಅಂತ ಆರ್ಡರು… ಬರವಣಿಗೇಲಿ ಇದೆಯಾ?… ಬಾಯಲ್ಲಿ ಹೇಳಿದ್ದು. ಗೊತ್ತಾಯ್ತು.”

“ಕಿಟಕಿ ಇತ್ತಾ?… ಇತ್ತು, ಅದಕ್ಕೆ?… ತಗಡು ಹೊಡೆದಿದ್ದಾರೆ. ಹೊರಗಿಂದ ಬೀಡಿ, ಸಿಮ್ಮು ಒಳಗೆ ಎಸೀತಾರೆ ಅಂತ… ಅಂದ್ರೆ ಬೀಡಿ ಒಳಗೆ ಹೋಗಬಾರದು ಅಂತ ಗಾಳೀನೂ ಬಂದ್ ಮಾಡಿದ್ರಿ… ನೀವಲ್ಲ, ಗೊತ್ತು, ನೀವು ಅಂತ ನಾನು ಹೇಳಲಿಲ್ಲ.”

“ಮಾಸ್ಕು?… ವಾರಕ್ಕೊಂದು. ಹಾಂ, ಇಲ್ಲೊಂದು ಇದೆ, ಈಗ ನೋಡ್ದೆ. ನಾನು ಅದನ್ನ ಒರೆಸೋ ಬಟ್ಟೆ ಅಂದ್ಕೊಂಡಿದ್ದೆ.”

“ಸರಿ. ಆ ಕೋಣೆಗೆ ಪಾಳಿ ಬಿದ್ದಿದ್ದು ಯಾರದು?… ಜೋರಾಗಿ ಹೇಳಿ…”

“ನಿಮ್ಮದು.”

ಕಿಟಕಿಯಾಚೆ ತರಕಾರಿ ಆಟೋ ಬರುತ್ತಿತ್ತು. ಅದರ ಮೈಕು ಹೇಳಿದ್ದನ್ನೇ ಹೇಳುತ್ತ ಬೀದಿಯ ಆ ತುದಿಯಿಂದ ಈ ತುದಿಗೆ ಸಾಗಿತು. ಎದುರುಮನೆಯ ಬೊಂಬೆ ಕಾರ್ಖಾನೆಯ ಲೇತಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

“ಹೂಂ… ಚೈತ್ರಾಗೆ ಏಳು ತಿಂಗಳಿಗೇ ಹೆರಿಗೆ ಆಯ್ತು. ಮಗು ಗಾಜಿನ ಪೆಟ್ಟಿಗೇಲಿ… ಎಷ್ಟು ತೂಕ ಅಂದ್ರಿ?… ಅಷ್ಟೇನಾ… ಮನೆಗೆ ಕೆಮ್ಮು ತಂದ್ರೆ ಉಳಿಯಲ್ಲ ಅಂದ್ರು ಡಾಕ್ಟರು… ಸರಿ, ಜೈಲರ್ ಹತ್ರ ಕೇಳಿಲ್ವಾ ನೀವು?… ಏನಂದ್ರು?…”

“ಪಾಳಿ ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ, ತಿದ್ದಕ್ಕಾಗಲ್ಲ, ನಿಮ್ಮ ನಿಮ್ಮಲ್ಲೇ ಮಾಡ್ಕೊಳ್ಳಿ ಅಂದ್ರು. ಮಾಡ್ಕೊಂಡ್ರಿ… ಹೆಂಗೆ? ಅದನ್ನೂ ಹೇಳಿ. ತಪಾಸಣೆಗೆ ಬರೋರಿಗೆ ಮುಖ ಗೊತ್ತಾಗಲ್ವಾ?…”

“ಮಾಸ್ಕ್ ಹಾಕಿರೋ ಮುಖ ಯಾರು ನೋಡ್ತಾರೆ, ಎದೆ ಮೇಲಿನ ಹೆಸರು ಪಾಳಿ ಪಟ್ಟೀಲಿರೋ ಹೆಸರಿಗೆ ತಾಳೆ ಆದ್ರೆ ಸಾಕು… ಅದಕ್ಕೇ ನಿಮ್ಮ ಹೆಸರಿನ ಪಟ್ಟಿ ಇವರು ಇಸ್ಕೊಂಡ್ರು. ಹಾಗಾದ್ರೆ ಇವರ ಪಟ್ಟಿ?…”

“ನೀವು ಹಾಕ್ಕೊಂಡ್ರಿ. ಗೇಟಲ್ಲಿ, ಬಿಸಿಲಲ್ಲಿ, ಗಾಳೀಲಿ ಯೋಗಾನಂದ ಆಗಿ ನೀವು ನಿಂತಿದ್ರಿ… ಇಲ್ಲ, ಬೈತಾ ಇಲ್ಲ. ಇದು ಹೊಸ ಪದ್ಧತೀನಾ, ಮೊದಲಿಂದಾನೂ ಹಿಂಗೇನಾ?…”

“ಎಲ್ಲರೂ ಮಾಡ್ತಾರೆ. ಮದುವೆ ಇದ್ರೆ, ಸಾವಿದ್ರೆ, ಬಾಣಂತನ ಇದ್ರೆ. ರಜೆ ಸಿಗಲ್ಲ, ಇನ್ನೊಬ್ಬರ ಹೆಸರಿನ ಪಟ್ಟಿ ಸಿಗುತ್ತೆ… ಒಂದು ವಾರಕ್ಕೆ ಅಂತ ಕೂತೋರು ಮೂರು ತಿಂಗಳು ಯಾಕೆ ಕೂತ್ರು? ನಿಜ ಹೇಳಿ. ಜೈಲರ್ ಬಲವಂತ ಮಾಡಿದ್ರಾ? ನೀವು ಕಾಲಿಗೆ ಬಿದ್ರಾ?…”

“…ಅವರೇ ಅಂದ್ರಾ. ಏನಂದ್ರು, ಅವರು ಅಂದ ಹಾಗೇ ಹೇಳಿ…”

ಅವನು ಹೇಳಿದ. ‘ಹೋಗ್ಲಾ, ನನಗೇನು ಮಕ್ಕಳಾ ಮರಿಯಾ. ನಿನ್ನ ಕೂಸು ಎರಡು ಕೆ.ಜಿ. ಆಗ್ಲಿ, ಆಮೇಲೆ ಬಾ.’ ದನಿ ಬೇರೆಯದಾದರೂ ಮಾತು ಯೋಗಾನಂದನದೇ. ಸುಚಿತ್ರಾ ಪಟ್ಟಿಯನ್ನು ಅಂಗೈಯಲ್ಲಿ ಮಗುಚಿ ಹಾಕಿದಳು. ಹಿಂಬದಿಯ ಪಿನ್ನಿಗೆ ಖಾಕಿ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು.

“ಈಗ ಎಷ್ಟು ಕೆ.ಜಿ. ಇದ್ದಾನೆ?…”

“ಒಳ್ಳೇದು… ಹಿಡ್ಕೊಂಡು ನಿಲ್ತಾನಾ? ಒಳ್ಳೇದು.”

“ಕೆಂಪರಾಜಣ್ಣ, ನೀವು ಹೊಸ ಪಟ್ಟಿ ಮಾಡಿಸ್ಕೊಂಡಿರಬೇಕಲ್ಲ. ಈ ಹಳೇದು ಈಗ ಯಾಕೆ? ಅದೂ ವಿಚಾರಣೆಗೆ ಎರಡು ದಿನ ಇರೋವಾಗ… ನಿಮ್ಮನ್ನ ಕಳಿಸಿದ್ದು ಯಾರು?…”

“ಜೈಲರಾ?… ಏನು ಹೇಳಿ ಕಳಿಸಿದ್ರು?… ಅದನ್ನ ತಂದುಬಿಡು, ಆಮೇಲೆ ಯಾರಿಗೂ ಏನೂ ಇರಲ್ಲ ಅಂದ್ರಾ. ಯಾರಿಗೂ ಅಂದ್ರೆ ಯಾರಿಗೆ? ನಿಮಗೋ, ಅವರಿಗೋ?…”

“ಸಸ್ಪೆಂಡ್ ಆಗುತ್ತೆ ಅಂತ ಭಯ. ಇರುತ್ತೆ. ಇರಲ್ಲ ಅಂತ ನಾನು ಹೇಳಲ್ಲ… ಒಂದು ಮಾತು. ಈಗ ಆ ಕೋಣೇಲಿ ಯಾರು ಕೂರ್ತಿದ್ದಾರೆ?…”

“ಸಾಬೀರ್. ಹೊಸಬನಾ?… ಎಷ್ಟು ದಿನದಿಂದ?… ಅವನ ಎದೆ ಮೇಲೆ ಯಾರ ಹೆಸರಿದೆ, ಕೆಂಪರಾಜಣ್ಣ?…”

“ಹೇಳಬೇಡಿ. ಅವನ ಹೆಸರಲ್ಲ ಅನ್ನೋದು ನೀವು ಹೇಳದೇನೇ ನನಗೆ ಕೇಳಿಸ್ತು.”

ಅದೇ ಹೊತ್ತಿಗೆ ಅವಳಿಗೆ ಇನ್ನೊಂದು ಕೇಳಿಸಿತು. ಆಗಲೇ ತಮ್ಮ ಬೀದಿ ದಾಟಿ ಹೋಗಿದ್ದ ತರಕಾರಿ ಆಟೋದ ಮೈಕು ಈಗ ಫೋನಿನೊಳಗೆ ಕೂಗುತ್ತಿತ್ತು. ಅದೇ ಟೊಮೆಟೊ, ಅದೇ ಬೀನ್ಸು, ಅದೇ ಗೊಗ್ಗರು ದನಿ.

“ಎಲ್ಲಿದ್ದೀರಾ ನೀವು?… ಸುಳ್ಳು ಹೇಳಬೇಡಿ. ಮಾಗಡಿ ಜೈಲಲ್ಲಿಲ್ಲ ನೀವು. ನಮ್ಮ ಬೀದಿ ಕೊನೇಲಿ, ಟೀ ಅಂಗಡಿ ಹತ್ರ ಇದ್ದೀರಾ ಅಲ್ವಾ?… ಅಷ್ಟು ಹತ್ರ ಬಂದೋರು ಮನೆಗೆ ಬರಕ್ಕೆ ಏನಾಗಿತ್ತು? ಕಾಯಿಲೆ ಮನೆ ಅಂತನಾ?…”

“ಅಮ್ಮನ ಮುಖ ನೋಡಕ್ಕಾಗಲ್ಲ ಅಂತನಾ. ಅಮ್ಮ ನಿಮ್ಮ ಮುಖ ನೋಡಬೇಕಾಗಿಲ್ಲ. ಮಾತು ಕೇಳಿದ್ರೆ ಸಾಕು. ಆ ಕಾಗದ ಬಂದಾಗಿಂದ ಅವರು ಹೊಸ್ತಿಲಾಚೆ ಊಟ ಮಾಡ್ತಿದ್ದಾರೆ, ಗೊತ್ತಾ ನಿಮಗೆ? ತನ್ನಿಂದಾನೇ ಮಗ ಹೋದ ಅಂತ… ನಾನು ಹೇಳಿದ್ರೆ ನಂಬಲ್ಲ. ನೀವು ಹೇಳಿ. ನನಗೆ ಹೇಳಿದ್ದನ್ನೇ ಅವರಿಗೆ ಹೇಳಿ… ಹೇಳಿದ್ರೆ ಪಟ್ಟಿ ಕೊಡ್ತೀನಾ ಅಂತ ಕೇಳಬೇಡಿ. ಅದು ಬೇರೆ, ಇದು ಬೇರೆ.”

ಹಿತ್ತಲ ಬಾಗಿಲಿಗೆ ಹೋಗಿ ಫೋನನ್ನು ಯಲ್ಲಮ್ಮನ ಕಿವಿಗೆ ಹಿಡಿದಳು. ಯಲ್ಲಮ್ಮ ಬೇಡವೆಂದು ಕತ್ತು ಹಿಂದೆ ಸರಿಸಿದಳು.

“ಅತ್ತೆ, ನಾನೇ ಹಿಡ್ಕೊಂಡಿರ್ತೀನಿ. ಒಸಿ ಕೇಳಿ.”

“ಯಾರಪ್ಪ?… ಊಂ… ಕಲ್ಯ ಊರೋನಾ? ನಮ್ಮ್ ಯೋಗಾನ ಜತೆಯೋನಾ?… ಊಂ…”

“ಯಾವ ಕಿಟ್ಕಿ?… ತಗ್ಡು ಯಾಕಪ್ಪ ಒಡುದ್ರು?… ಊಂ… ಊಂ…”

“ಗೇಟ್ನಾಗೆ ಇರ್ಲಿಲ್ವಾ ಅವ್ನು? ಅವ್ರು ಅಂಗಂತ ಬರ್ದವ್ರಲ್ಲ… ನೀನಾ ಇದ್ದಿದ್ದು?…”

ಆಮೇಲೆ ಯಲ್ಲಮ್ಮ ಫೋನಿಗೆ ಕಿವಿ ಒತ್ತಿ ಕೇಳುತ್ತ ಕೂತಳು. ಫೋನು ಹಿಡಿದ ಸುಚಿತ್ರಾಳ ಕೈ ನೋಯತೊಡಗಿತು. ಬದಲಿಸಲಿಲ್ಲ.

“ನನ್ ಕೆಮ್ಮಿಂದ ಅಲ್ವಾ?” ಎಂದಳು ಯಲ್ಲಮ್ಮ. “ಇನ್ನೊಂದ್ ಕಿತ ಯೋಳು… ನಿನ್ ಕೂಸಿನ್ ಮೇಲೆ ಆಣೆ ಗೀಣೆ ಬ್ಯಾಡ, ಬರೀ ಬಾಯಲ್ಲಿ ಯೋಳು, ಸಾಕು… ಊಂ…”

“ಕೂಸು ಎಂಗೈತೆ?… ಊಂ. ರಾಗಿ ಸರಿ ತಿನ್ಸಿ. ಗಟ್ಟಿಯಾಯ್ತದೆ.”

ಕಿವಿಯಿಂದ ಫೋನನ್ನು ತಾನೇ ಸರಿಸಿ, ಯಲ್ಲಮ್ಮ ಸೊಸೆಯ ಕೈಯಲ್ಲಿದ್ದ ಪಟ್ಟಿಯ ಕಡೆ ನೋಡಿದಳು.

“ಅದೇನಾ?”

“ಇದೇ ಅತ್ತೆ. ಗುರುವಾರ ತೋರಿಸೋಕೆ ನಮ್ಮ ಹತ್ರ ಇರೋದು ಇದೊಂದೇ.”

“ಅವ್ನ್ ಎಸ್ರು ಅವ್ನ್ಗೆ ಕೊಟ್ಬುಡವ್ವ. ಈಸ್ಕಂಡಿದ್ದು ನಮ್ಮೋನು. ಆಮ್ಯಾಕೆ ಅದುನ್ನ ಎದೆ ಮ್ಯಾಗೆ ಆಕ್ಕಂಡು ಅಲ್ಲಿ ಬಂದು ನಿಂತ್ಕತಾನೋ ಇಲ್ವೋ, ಅವ್ನ್ಗೆ ಬುಟ್ಟಿದ್ದು.”

ಸುಚಿತ್ರಾ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡು ನಿಂತಳು. ಇದು ಕೈಬಿಟ್ಟರೆ ಗುರುವಾರ ಅವಳ ಬಳಿ ಉಳಿಯುವುದು ಬರಿಯ ಬಾಯಿಮಾತು. ಅವನು ಇದನ್ನು ಸೀದಾ ಜೈಲರ್ ಮೇಜಿನ ಮೇಲಿಟ್ಟು ಕೈತೊಳೆದುಕೊಳ್ಳಬಹುದು. ಬಲವಾಗಿ ಅನ್ನಿಸಿದ್ದು ಅದೇ. ಆದರೂ ಅವಳು ಚಪ್ಪಲಿ ಮೆಟ್ಟಿ ಬಾಗಿಲು ತೆರೆದಳು. ಮೆಟ್ಟಿಲಿಳಿಯುವಾಗ ಹಿಂದೆ ಅಡುಗೆಮನೆಯ ಕಲ್ಲಿನ ಮೇಲೆ ಅಲ್ಯೂಮಿನಿಯಂ ತಟ್ಟೆ ಇಟ್ಟ ಸದ್ದಾಯಿತು.

“ಹಲೋ… ಇಡಬೇಡಿ ಫೋನು. ಬರ್ತಾ ಇದ್ದೀನಿ… ನಾನೇ. ಅಲ್ಲೇ ನಿಂತಿರಿ.”

ಎದುರುಮನೆಯ ಜಹೀದಾ ಬಣ್ಣ ಹಚ್ಚಿದ ಬುಗುರಿಗಳನ್ನು ಜಗಲಿಯಲ್ಲಿ ಹರವುತ್ತಿದ್ದಳು. ತಿಥಿಯಾದ ಮರುದಿನವೇ ಬೀದಿಗಿಳಿದವಳನ್ನು ಕಂಡು, ಏನೂ ಕೇಳದೆ ಬುಟ್ಟಿಯನ್ನು ಪಕ್ಕಕ್ಕೆಳೆದು ದಾರಿ ಬಿಟ್ಟಳು.

“ಇಲ್ಲ, ಜೈಲರ್‌ಗೆ ನಾನೇನೂ ಹೇಳಲ್ಲ… ಹೌದು, ಕೊಡ್ತೀನಿ. ಫೋಟೋ ತೆಗ್ದಿಲ್ಲ. ತೆಗೀಬೇಕು ಅಂತ ಅನ್ನಿಸ್ತು, ತೆಗೀಲಿಲ್ಲ…”

“ಯಾಕೆ ಅಂದ್ರೆ? ಇದು ಇವರು ನಿಮ್ಮಿಂದ ಇಸ್ಕೊಂಡಿದ್ದು. ಸತ್ತೋರ ಹೆಸರಲ್ಲಿ ಯಾರ ವಸ್ತುವೂ ಮನೇಲಿ ಉಳೀಬಾರದು… ಕೆಂಪರಾಜಣ್ಣ, ಕಫ ಪರೀಕ್ಷೆ ಮಾಡಿಸ್ಕೊಂಡ್ರಾ?… ಆ ಸಾಬೀರಿಗೂ ಹೇಳಿ. ಇವತ್ತೇ ಹೇಳಿ.”

ಟೀ ಅಂಗಡಿಯ ಬೇವಿನ ಮರದ ಕೆಳಗೆ ಬೈಕಿಗೊರಗಿ ನಿಂತಿದ್ದ ಅವನು ಮುಖದ ಕರ್ಚೀಫು ಬಿಚ್ಚಿದ. ಇಬ್ಬರೂ ಇನ್ನೂ ಫೋನು ಕಿವಿಗೆ ಹಿಡಿದೇ ಇದ್ದರು. ನಡುವೆ ಒಂದು ಮಾರು ದೂರ. ಅವಳ ಮಾತು ಎರಡೆರಡು ಸಲ ಕೇಳತೊಡಗಿತು, ಒಮ್ಮೆ ಅವಳ ಬಾಯಿಂದ, ಮರುಕ್ಷಣ ಅವನ ಕೈಯೊಳಗಿಂದ.

“ಕೈ ಚಾಚಿ.”

ಅವನ ಅಂಗೈಯಲ್ಲಿ ಪಟ್ಟಿ ಇಟ್ಟಳು. ಖಾಕಿ ದಾರದ ಎಳೆಯನ್ನು ಮಾತ್ರ ಬಿಡಿಸಿ ತಾನಿಟ್ಟುಕೊಂಡಳು.

“ಗುರುವಾರ ಹತ್ತೂವರೆಗೆ. ಬಂದ್ರೆ ಇದನ್ನ ಹಾಕ್ಕೊಂಡು ಬನ್ನಿ. ನಿಮ್ಮ ಹತ್ರ ಇರೋ ಇವರ ಹೆಸರಿನ ಪಟ್ಟೀನ ಅಲ್ಲಿ, ಎಲ್ಲರ ಎದುರಿಗೆ, ನನ್ನ ಕೈಗೆ ಕೊಡಿ… ಬರ್ತೀರಾ?…”

ಅವನು ಬಾಯಿ ತೆರೆದ. ಪಟ್ಟಿ ಬೀಳದಂತೆ ಮುಷ್ಟಿ ಮುಚ್ಚುವಾಗ ಅವನ ಹೆಬ್ಬೆರಳು ಫೋನಿನ ಮೇಲೆ ಎಲ್ಲಿ ತಾಗಿತೋ, ಲೈನು ಕಟ್ಟಾಯಿತು.